ಇಜಿಆರ್ ತೆಗೆಸಿ ಕ್ಯಾಟ್‌ಕಾನ್ ಮಾತ್ರ ಉಳಿಸಿಕೊಂಡರೆ ಸಾಕಾ?

ಹಾಸನದ ಡೀಸೆಲ್ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನದು 2014ರ 1.3 ಲೀಟರ್ ಡೀಸೆಲ್ ಹ್ಯಾಚ್‌ಬ್ಯಾಕ್. ಬೆಂಗಳೂರು ರಿಜಿಸ್ಟ್ರೇಷನ್, ಹಾಗಾಗಿ ಬಿಎಸ್4 (ಭಾರತ್ ಸ್ಟೇಜ್ 4 ಮಾಲಿನ್ಯ ಮಾನದಂಡ). ಮೊದಲ ಓನರ್ ಹತ್ತಿರ ಐದು ವರ್ಷ ಇತ್ತು, ಆಮೇಲೆ ನಾನು ತಗೊಂಡೆ. ಈಗ 1,38,000 ಕಿ.ಮೀ. ಆಗಿದೆ.

ಮೂರು ತಿಂಗಳಿಂದ ಒಂದೇ ತೊಂದರೆ. ಎರಡನೇ ಗೇರಿನಲ್ಲಿ ಹಂಪ್ ದಾಟಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಗ್ಗರಿಸುತ್ತದೆ. 1,500 ಆರ್‌ಪಿಎಂ ದಾಟಿದ ಮೇಲೆ ಸರಿಯಾಗುತ್ತದೆ. ಹಿಂದೆ ಕಪ್ಪು ಹೊಗೆ. ಹೋದ ವಾರ ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನ್ ಮಾಡಿಸಿದೆ, ಪಿ0401 ಅಂತ ಕೋಡ್. ಅಂದರೆ ಇಜಿಆರ್‌ನಲ್ಲಿ ಹೊಗೆ ಸಾಕಷ್ಟು ಹರಿಯುತ್ತಿಲ್ಲ. ಸುಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಬಿಡುವ ವಾಲ್ವ್ ಇದು.

ಗ್ಯಾರೇಜಿನವರು ವಾಲ್ವ್ ತುಂಬಾ ಮಸಿ ಕಟ್ಟಿದೆ ಅಂದರು. ಹೊಸದಕ್ಕೆ 14,000 ರೂಪಾಯಿ ಆಗುತ್ತದಂತೆ. "ಅಷ್ಟೆಲ್ಲಾ ಯಾಕೆ ಸರ್, ಒಂದು ಪ್ಲೇಟ್ ಹಾಕಿ ಬ್ಲಾಕ್ ಮಾಡಿಬಿಡೋಣ. 1,500 ಕೊಡಿ. ಕ್ಯಾಟ್‌ಕಾನ್ (ಸೈಲೆನ್ಸರ್ ಪೈಪಿನ ಕ್ಯಾಟಲಿಟಿಕ್ ಕನ್ವರ್ಟರ್) ಮುಟ್ಟೋದಿಲ್ಲ. ಎಮಿಷನ್ ಟೆಸ್ಟ್ ಆರಾಮಾಗಿ ಪಾಸ್ ಆಗುತ್ತೆ" ಅಂದರು.

ನನಗೆ ಹಣ ಉಳಿದರೆ ಒಳ್ಳೆಯದೇ. ಆದರೆ ಹೊಗೆ ಊರಿಗೆಲ್ಲಾ ಹಂಚಿಕೊಂಡು ಓಡಾಡುವ ಮನಸ್ಸಿಲ್ಲ. ನನ್ನ ಲೆಕ್ಕ ಹೀಗಿದೆ. ಹೊಗೆ ಶುದ್ಧ ಮಾಡುವುದು ಕ್ಯಾಟ್‌ಕಾನ್ ತಾನೇ? ಅದು ಇದ್ದರೆ ಇಜಿಆರ್ ಇಲ್ಲದಿದ್ದರೂ ನಡೆಯಬೇಕು ಅಲ್ವಾ? ತಿಳಿದವರು ಹೇಳಿ.

ತೋಟದ ಮನೆ · ಭಾನುವಾರ ಬೆಳಿಗ್ಗೆ

ಯೋಚನೆ ಮಾಡಬೇಡಿ, ಹಾಕಿಸಿಬಿಡಿ. ನಾನು ಚಿಕ್ಕಮಗಳೂರಿನಲ್ಲಿ ಇದೇ ತರದ ಗಾಡಿ ಓಡಿಸುತ್ತೇನೆ. ಪ್ಲೇಟ್ ಹಾಕಿಸಿ 60,000 ಕಿ.ಮೀ. ಆಯಿತು. ಪಿಕಪ್ ಚೆನ್ನಾಗಿದೆ, ಮಸಿ ಇಲ್ಲ. ಕ್ಯಾಟ್‌ಕಾನ್ ಹಾಗೇ ಇದೆ. ಪ್ರತಿ ವರ್ಷ ಎಮಿಷನ್ ಟೆಸ್ಟ್ ಪಾಸ್.

ಹುಬ್ಬಳ್ಳಿ ಸ್ಪ್ಯಾನರ್ · ಭಾನುವಾರ ಮಧ್ಯಾಹ್ನ

ಹಾಸನದ ಸರ್, ಸ್ವಲ್ಪ ತಡೀರಿ. ನಾನು ಇಪ್ಪತ್ತೆರಡು ವರ್ಷದಿಂದ ಡೀಸೆಲ್ ಗಾಡಿ ಬಿಚ್ಚುತ್ತಿದ್ದೇನೆ. ಇಜಿಆರ್ ತಾನಾಗಿ ಕೆಡುವುದು ಕಡಿಮೆ ನೋಡ್ರಿ. ಬೇರೆ ಎಲ್ಲೋ ಏನೋ ಕೆಟ್ಟಿರುತ್ತದೆ, ಅದರ ಮಸಿ ಇಲ್ಲಿ ಬಂದು ಕೂರುತ್ತದೆ. ಪ್ಲೇಟ್ ಹಾಕಿದರೆ ಮಸಿ ಕೂರುವ ಜಾಗ ಮುಚ್ಚಿತು, ಮಸಿ ಹುಟ್ಟುವ ಜಾಗ ಹಾಗೇ ಉಳಿಯಿತು.

ನನಗೆ ಇಷ್ಟು ಹೇಳ್ರಿ. ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ? ಟೆಂಪರೇಚರ್ ಮುಳ್ಳು ಎಲ್ಲಿಗೆ ಬಂದು ನಿಲ್ಲುತ್ತದೆ? ಏರ್ ಫಿಲ್ಟರ್ ಯಾವಾಗ ಬದಲಿಸಿದ್ದೀರಿ? ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಪೈಪಿನ ಕ್ಲಿಪ್ ಹತ್ತಿರ ಎಣ್ಣೆ ಜಿನುಗಿದೆಯಾ? ಇದಕ್ಕೆ ಉತ್ತರ ಬರುವವರೆಗೆ ಯಾರಿಗೂ ಒಂದು ರೂಪಾಯಿ ಕೊಡಬೇಡ್ರಿ.

ಟೆಸ್ಟ್ ಬೆಡ್ · ಭಾನುವಾರ ರಾತ್ರಿ

ನಾನು ಹನ್ನೊಂದು ವರ್ಷ ಎಂಜಿನ್ ಕ್ಯಾಲಿಬ್ರೇಷನ್ ಕೆಲಸ ಮಾಡಿದ್ದೇನೆ. ಹಾಸನದವರ ಪ್ರಶ್ನೆ ನಮ್ಮಲ್ಲಿ ತುಂಬಾ ಜನರ ಮನಸ್ಸಿನಲ್ಲಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಕ್ಯಾಟ್‌ಕಾನ್ ಎಲ್ಲಾ ಗಾಡಿಯಲ್ಲೂ ಒಂದೇ ಕೆಲಸ ಮಾಡುವುದಿಲ್ಲ. ಪೆಟ್ರೋಲ್ ಕಾರಿನದು ಬೇರೆ, ನಿಮ್ಮ ಡೀಸೆಲ್ ಕಾರಿನದು ಬೇರೆ.

ಪೆಟ್ರೋಲ್ ಕಾರಿನದು ಮೂರು ವಿಷಗಳ ಮೇಲೆ ಕೆಲಸ ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್, ಅರೆಬೆಂದ ಪೆಟ್ರೋಲ್, ಮತ್ತೆ ನೈಟ್ರೋಜನ್ ಆಕ್ಸೈಡ್‌ಗಳು. ಈ ಕೊನೆಯದನ್ನು ನಾವು ನಾಕ್ಸ್ ಅಂತೀವಿ. ಮೂರೂ ಒಟ್ಟಿಗೆ ಆಗಬೇಕಾದರೆ ಗಾಳಿ ಮತ್ತು ಪೆಟ್ರೋಲ್ ಲೆಕ್ಕ ಸರಿಯಾಗಿ 14.7ಕ್ಕೆ 1 ಇರಬೇಕು. ಆ ಲೆಕ್ಕ ಕಾಯುವುದಕ್ಕೇ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುವುದು.

ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ಅದರ ಹೊಗೆಯಲ್ಲಿ ಆಕ್ಸಿಜನ್ ಮಿಕ್ಕಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ತನಗೆ ಬೇಕಾದ ಆಕ್ಸಿಜನ್ನನ್ನು ಆ ಮಿಕ್ಕಿದ್ದರಿಂದಲೇ ತಗೊಳ್ಳುತ್ತದೆ. ನಾಕ್ಸ್‌ನಿಂದ ಕಿತ್ತುಕೊಳ್ಳುವ ಅಗತ್ಯವೇ ಬರುವುದಿಲ್ಲ. ಹಾಗಾಗಿ ನಿಮ್ಮ ಗಾಡಿಯ ಕ್ಯಾಟ್‌ಕಾನ್ ಕಾರ್ಬನ್ ಮಾನಾಕ್ಸೈಡ್ ಮತ್ತು ಅರೆಬೆಂದ ಡೀಸೆಲ್ಲನ್ನು ಸುಡುತ್ತದೆ, ಅಷ್ಟೇ. ನಾಕ್ಸ್ ಅದರೊಳಗೆ ಹೇಗೆ ಹೋಯಿತೋ ಹಾಗೇ ಆಚೆ ಬರುತ್ತದೆ.

ಹಾಗಾದರೆ ನಾಕ್ಸ್ ತಡೆಯುವುದು ಯಾರು? ಬಿಎಸ್4 ಡೀಸೆಲ್ ಕಾರಿನಲ್ಲಿ ಅದು ಇಜಿಆರ್ ಕೆಲಸ. ಸಿಲಿಂಡರಿನೊಳಗೆ ಬೆಂಕಿ ತುಂಬಾ ಬಿಸಿಯಾದಾಗ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನಾಕ್ಸ್ ಆಗುತ್ತದೆ. ಇಜಿಆರ್ ಒಂದಿಷ್ಟು ಸುಟ್ಟ ಹೊಗೆಯನ್ನು ಮತ್ತೆ ಒಳಗೆ ಬಿಡುತ್ತದೆ. ಆ ಹೊಗೆ ಮತ್ತೆ ಉರಿಯುವುದಿಲ್ಲ, ಬಿಸಿಯನ್ನು ಹೀರಿಕೊಳ್ಳುತ್ತದೆ. ಬೆಂಕಿಯ ಗರಿಷ್ಠ ತಾಪ ಇಳಿಯುತ್ತದೆ, ನಾಕ್ಸ್ ಹುಟ್ಟುವುದೇ ಕಡಿಮೆಯಾಗುತ್ತದೆ. ಊರೊಳಗೆ ನಿಧಾನಕ್ಕೆ ಓಡಿಸುವಾಗ ಇದರ ಕೆಲಸ ಜಾಸ್ತಿ. ಫುಲ್ ಆಕ್ಸಿಲರೇಟರ್ ಒತ್ತಿದಾಗ ವಾಲ್ವ್ ಮುಚ್ಚಿಕೊಳ್ಳುತ್ತದೆ.

ಮನೆಯಲ್ಲಿ ಧಾನ್ಯ ಹಸನು ಮಾಡುವುದನ್ನು ನೋಡಿದ್ದೀರಲ್ಲ. ಜರಡಿ ಹಿಡಿದರೆ ನುಚ್ಚು, ಪುಡಿ ಕೆಳಗೆ ಬೀಳುತ್ತದೆ. ಹೊಟ್ಟು ಹೋಗಬೇಕಾದರೆ ಮೊರದಲ್ಲಿ ಕೇರಲೇಬೇಕು. ಜರಡಿ ಇದೆ ಅಂತ ಮೊರ ಬೇಡ ಅನ್ನೋಕಾಗಲ್ಲ. ಕ್ಯಾಟ್‌ಕಾನ್ ಉಳಿಸಿಕೊಂಡು ಇಜಿಆರ್ ಮುಚ್ಚುವುದೂ ಹಾಗೇ.

ಇನ್ನು ಎಮಿಷನ್ ಟೆಸ್ಟ್ ಪಾಸಾಗುವ ಮಾತು. ಅದು ನಿಜ, ತೋಟದ ಮನೆಯವರು ಸುಳ್ಳು ಹೇಳುತ್ತಿಲ್ಲ. ಡೀಸೆಲ್ ಗಾಡಿಗೆ ನಮ್ಮಲ್ಲಿ ಮಾಡುವ ಟೆಸ್ಟ್ ಯಾವುದು? ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಹೊಗೆ ಎಷ್ಟು ಕಪ್ಪಗಿದೆ ಅಂತ ಬೆಳಕು ಹಾಯಿಸಿ ಅಳೆಯುತ್ತಾರೆ. ಬಿಎಸ್4 ಗಾಡಿಗೆ ಮಿತಿ 1.62. ಅಲ್ಲಿ ನಾಕ್ಸ್ ಅಳೆಯುವುದೇ ಇಲ್ಲ. ಇಜಿಆರ್ ಮುಚ್ಚಿದರೆ ಮಸಿ ಕಡಿಮೆಯಾಗುತ್ತದೆ, ಅಂಕಿ ಇನ್ನೂ ಚೆನ್ನಾಗಿ ಬರಬಹುದು. ಹಾಗಾಗಿ ಆ ಸರ್ಟಿಫಿಕೇಟ್ ಮಸಿಯ ಬಗ್ಗೆ ಮಾತ್ರ ಹೇಳುತ್ತದೆ. ಮುಚ್ಚಿದ ಇಜಿಆರ್ ಬಗ್ಗೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ತೋಟದ ಮನೆ · ಸೋಮವಾರ ಬೆಳಿಗ್ಗೆ

ಟೆಸ್ಟ್ ಬೆಡ್ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೂ ಒಂದು ಮಾತು ಕೇಳುತ್ತೇನೆ. ನನ್ನ ಎಂಜಿನ್ ಚೆನ್ನಾಗೇ ಇದೆ. ಇನ್‌ಟೇಕ್ ಒಳಗೆ ಡಾಂಬರಿನ ತರ ಮೆತ್ತಿಕೊಳ್ಳುವುದು ನಿಂತಿದೆ. ಆಯಿಲ್ ಬೇಗ ಕಪ್ಪಾಗುವುದಿಲ್ಲ. ಎಂಜಿನ್‌ಗೆ ಒಳ್ಳೆಯದಾಗುವುದನ್ನು ಯಾಕೆ ಬೇಡ ಅನ್ನಬೇಕು? ಒಂದು ಸಣ್ಣ ಕಾರಿನಿಂದ ಎಷ್ಟು ನಾಕ್ಸ್ ಬರುತ್ತದೆ?

ಟೆಸ್ಟ್ ಬೆಡ್ · ಸೋಮವಾರ ಮಧ್ಯಾಹ್ನ

ನ್ಯಾಯವಾದ ಪ್ರಶ್ನೆ. ನಿಮ್ಮ ಎಂಜಿನ್ ಚೆನ್ನಾಗಿದೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಇಜಿಆರ್ ಇಟ್ಟಿರುವುದು ಎಂಜಿನ್‌ಗೋಸ್ಕರ ಅಲ್ಲವೇ ಅಲ್ಲ. ರಸ್ತೆಯಲ್ಲಿ ಉಸಿರಾಡುವವರಿಗೋಸ್ಕರ.

ಲೆಕ್ಕ ಹಾಕೋಣ. ಬಿಎಸ್4 ಡೀಸೆಲ್ ಕಾರಿಗೆ ನಾಕ್ಸ್ ಮಿತಿ ಕಿಲೋಮೀಟರಿಗೆ 0.25 ಗ್ರಾಂ. ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ 3 ಕಿಲೋ. ಇಜಿಆರ್ ಇಲ್ಲದೆ ಅದು ಎರಡರಷ್ಟಾದರೆ 6 ಕಿಲೋ. ಬಿಎಸ್6 ಕಾರಿನ ಮಿತಿ 0.08 ಗ್ರಾಂ, ಅಂದರೆ ಅಷ್ಟೇ ದೂರಕ್ಕೆ ಒಂದು ಕಿಲೋ ಕೂಡ ಇಲ್ಲ. ನಿಮ್ಮ ಒಂದು ಕಾರು ಆರು ಹೊಸ ಕಾರಿನಷ್ಟು ನಾಕ್ಸ್ ಬಿಟ್ಟಂತೆ. ಅದೂ ಎಲ್ಲಿ? ಚಿಮಣಿಯ ಎತ್ತರದಲ್ಲಲ್ಲ. ಸ್ಕೂಟರಿನಲ್ಲಿ ಹಿಂದೆ ಬರುವವರ ಮುಖದ ಹತ್ತಿರ.

ನಾಕ್ಸ್‌ನಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಉಸಿರಿನ ನಾಳವನ್ನು ಕೆರಳಿಸುತ್ತದೆ. ಅಸ್ತಮಾ ಇರುವ ಮಕ್ಕಳಿಗೆ ಕಷ್ಟ ಜಾಸ್ತಿ. ನಮ್ಮ ದೇಶದ 2009ರ ಮಾನದಂಡದಲ್ಲಿ ಇದರ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಸಲಹೆಯನ್ನು 10ಕ್ಕೆ ಇಳಿಸಿತು.

2015ರ ಫೋಕ್ಸ್‌ವ್ಯಾಗನ್ ಪ್ರಕರಣ ನೆನಪಿದೆಯಾ? ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಗಾಡಿಗಳಲ್ಲಿ ಟೆಸ್ಟಿಗೆ ಮೋಸ ಮಾಡುವ ಸಾಫ್ಟ್‌ವೇರ್ ಇತ್ತು. ಟೆಸ್ಟ್ ನಡೆಯುತ್ತಿದೆ ಅಂತ ಗೊತ್ತಾದರೆ ನಾಕ್ಸ್ ನಿಯಂತ್ರಣ ಪೂರ್ತಿ ಕೆಲಸ ಮಾಡುತ್ತಿತ್ತು, ರಸ್ತೆಗೆ ಬಂದರೆ ಸಡಿಲವಾಗುತ್ತಿತ್ತು. ಆ ಗಾಡಿಗಳಲ್ಲೂ ಕ್ಯಾಟ್‌ಕಾನ್ ಇತ್ತು. ಅಂದು ನಾವೆಲ್ಲಾ ಅದನ್ನು ಮೋಸ ಅಂದೆವು. ಒಂದು ಸ್ಟೀಲ್ ಪ್ಲೇಟ್ ಮಾಡುವುದೂ ಅದೇ ಕೆಲಸ.

ಮಸಿಯ ವಿಷಯಕ್ಕೆ ಬಂದರೆ, ಇನ್‌ಟೇಕಿನಲ್ಲಿ ಡಾಂಬರಿನಂತೆ ಮೆತ್ತುವುದು ಇಜಿಆರ್ ಮಸಿ ಒಂದರಿಂದಲೇ ಅಲ್ಲ. ಎಂಜಿನ್ ಬ್ರೀದರಿನಿಂದ ಬರುವ ಎಣ್ಣೆ ಆವಿ ಅದರ ಜೊತೆ ಸೇರಿದಾಗ ಹಾಗಾಗುತ್ತದೆ. ಅದನ್ನು ಹೇಗೆ ಕಡಿಮೆ ಮಾಡಬಹುದು ಅಂತ ಹುಬ್ಬಳ್ಳಿಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮಡಿಕೇರಿ ಮಂಜು · ಸೋಮವಾರ ಸಂಜೆ

ಪ್ಲೇಟ್ ಹಾಕಿಸಿ ಕಷ್ಟಪಟ್ಟವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2016ರ ಡೀಸೆಲ್ ಸೆಡಾನ್. ಮೊದಲ ಆರು ತಿಂಗಳು ಗಾಡಿ ಹಗುರವಾಗಿತ್ತು, ಖುಷಿಯಾಗಿದ್ದೆ. ಚಳಿಗಾಲ ಬಂದಾಗ ಒಂದು ಗಮನಿಸಿದೆ. ಬೆಳಿಗ್ಗೆ ಎಂಜಿನ್ ಬಿಸಿಯಾಗುವುದಕ್ಕೆ ಮೊದಲಿಗಿಂತ ತುಂಬಾ ಹೊತ್ತು ಹಿಡಿಯುತ್ತಿತ್ತು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಆಮೇಲೆ ತಿಳಿಯಿತು, ಇಜಿಆರ್ ಕೂಲರಿನಿಂದ ಕೂಲೆಂಟಿಗೆ ಬಿಸಿ ಸಿಗುತ್ತಿತ್ತು, ಅದು ನಿಂತು ಹೋಗಿತ್ತು.

ಎಂಟನೇ ತಿಂಗಳಲ್ಲಿ ಸಂಪಾಜೆ ಘಾಟಿ ಹತ್ತುವಾಗ ಚೆಕ್ ಲೈಟ್ ಬಂದು ಗಾಡಿ ಲಿಂಪ್ ಮೋಡಿಗೆ ಹೋಯಿತು. ಹಿಂದೆ ಅಪ್ಪ ಅಮ್ಮ ಕೂತಿದ್ದರು. ಮಳೆ ಬೇರೆ. ಮೂವತ್ತರ ಮೇಲೆ ಹೋಗುವುದೇ ಇಲ್ಲ. ಹಿಂದಿನಿಂದ ಲಾರಿಗಳು ಹಾರ್ನ್ ಮಾಡುತ್ತಿವೆ. ಆ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ನೆನಪಿದೆ. ಸ್ಕ್ಯಾನ್ ಮಾಡಿದವರು ಹೇಳಿದ್ದು ಇಷ್ಟು. ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಇಜಿಆರ್ ತೆರೆ ಅಂತ ಹೇಳುತ್ತದೆ. ತೆರೆದಾಗ ಹೊಸ ಗಾಳಿ ಕಡಿಮೆಯಾಗಬೇಕು. ಏರ್ ಫ್ಲೋ ಸೆನ್ಸರ್ ಮಾತ್ರ ಗಾಳಿ ಜಾಸ್ತಿ ಬರುತ್ತಿದೆ ಅನ್ನುತ್ತದೆ. ಲೆಕ್ಕ ತಾಳೆ ಆಗದೆ ಇಸಿಯು ಪವರ್ ಕಟ್ ಮಾಡುತ್ತದೆ.

ಮರುವಾರವೇ ಪ್ಲೇಟ್ ತೆಗೆಸಿದೆ.

ಬಳ್ಳಾರಿ ಬೈಕ್ · ಸೋಮವಾರ ರಾತ್ರಿ

ಬೈಕಿನಲ್ಲೂ ಇದೇ ಕತೆ. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಅನ್ನುತ್ತದೆ ಅಂತ ನಮ್ಮ ಹುಡುಗರು ಸೆಕೆಂಡರಿ ಏರ್ ಪೈಪ್ ಕಿತ್ತು ಬೋಲ್ಟ್ ಹಾಕಿ ಮುಚ್ಚುತ್ತಾರೆ. ಕ್ಯಾಟ್‌ಕಾನ್ ಇದೆಯಲ್ಲ ಅನ್ನುತ್ತಾರೆ. ಆ ಪೈಪ್ ಇರುವುದೇ ಬಿಸಿ ಹೊಗೆಗೆ ಒಂದಿಷ್ಟು ಹೊಸ ಗಾಳಿ ಕೊಡುವುದಕ್ಕೆ. ಆ ಗಾಳಿ ಸಿಕ್ಕರೆ ಉಳಿದ ಪೆಟ್ರೋಲ್, ಕಾರ್ಬನ್ ಮಾನಾಕ್ಸೈಡ್ ಸೈಲೆನ್ಸರ್ ಒಳಗೇ ಸುಡುತ್ತದೆ. ಗಾಳಿ ನಿಲ್ಲಿಸಿ ಕ್ಯಾಟ್‌ಕಾನ್ ಉಳಿಸಿದರೆ ಒಲೆ ಇಟ್ಟು ಊದುಕೊಳವೆ ಎಸೆದಂತೆ.

ಸ್ಯಾನ್ ಹೊಸೆ ಕನ್ನಡತಿ · ಮಂಗಳವಾರ

ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಇಲ್ಲಿನ ಅನುಭವ ಉಪಯೋಗಕ್ಕೆ ಬರಬಹುದು ಅಂತ ಹೇಳುತ್ತೇನೆ.

ನಮ್ಮ ಯಜಮಾನರು 1991ರ ಒಂದು ಪೆಟ್ರೋಲ್ ಕಾರು ತಂದು ರಿಪೇರಿ ಮಾಡುತ್ತಿದ್ದಾರೆ. ಹಿಂದಿನ ಓನರ್ ಎಂಜಿನ್ ಬೇ ಚೊಕ್ಕಟವಾಗಿ ಕಾಣಲಿ ಅಂತ ಇಜಿಆರ್, ಅದರ ವ್ಯಾಕ್ಯೂಮ್ ಪೈಪುಗಳು, ಪೆಟ್ರೋಲ್ ಆವಿ ಹಿಡಿಯುವ ಚಾರ್‌ಕೋಲ್ ಕ್ಯಾನಿಸ್ಟರ್ ಎಲ್ಲಾ ತೆಗೆದಿದ್ದ. ಕ್ಯಾಟ್‌ಕಾನ್ ಮಾತ್ರ ಹೊಚ್ಚ ಹೊಸದು. "ಕ್ಯಾಟ್ ಹೊಸದಿದೆ, ಸ್ಮಾಗ್ ಚೆಕ್ ಪಾಸಾಗುತ್ತದೆ" ಅಂತಲೇ ಮಾರಿದ್ದ.

ಪಾಸಾಗಲಿಲ್ಲ. ಇಲ್ಲಿ 1976 ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್. ಪೈಪಿಗೆ ಮೂತಿ ಇಡುವುದರ ಜೊತೆಗೆ ಬಾನೆಟ್ ಎತ್ತಿಯೂ ನೋಡುತ್ತಾರೆ. ಬಾನೆಟ್ ಕೆಳಗೆ ಒಂದು ಸ್ಟಿಕ್ಕರ್ ಇರುತ್ತದೆ, ಕಂಪನಿ ಯಾವ ಯಾವ ಉಪಕರಣ ಹಾಕಿದೆ ಅಂತ. ಅದರಲ್ಲಿ ಇರುವುದು ಗಾಡಿಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ಫೇಲ್. ಕ್ಯಾಟ್‌ಕಾನ್ ಬದಲಿಸಿದ್ದರೆ ಅದರ ಮೇಲೆ ರಾಜ್ಯದ ಮಂಜೂರಾತಿ ನಂಬರ್ ಇರಬೇಕು. ನಮ್ಮ ಕಡೆ ಆ ಕಾಲದ ಕಾರುಗಳನ್ನು ರೋಲರ್ ಮೇಲೆ ಓಡಿಸಿ ಗಂಟೆಗೆ 15 ಮತ್ತು 25 ಮೈಲಿ ವೇಗದಲ್ಲಿ ಅಳೆಯುತ್ತಾರೆ. ಟೆಸ್ಟ್ ಬೆಡ್ ಅವರು ಹೇಳಿದ ನಾಕ್ಸ್ ಇದೆಯಲ್ಲ, ಅದನ್ನೂ ಅಳೆಯುತ್ತಾರೆ. ನಮ್ಮ ಕಾರಿನದು ಮಿತಿಗಿಂತ ಮೇಲಿತ್ತು. ಹೊಸ ಕ್ಯಾಟ್‌ಕಾನ್ ಇದ್ದೂ.

ಇನ್ನೊಂದು. ಹೈವೇ 17ರಲ್ಲಿ ಸಾಂತಾ ಕ್ರೂಝ್ ಕಡೆ ಗುಡ್ಡ ಹತ್ತುವಾಗ ಎಂಜಿನ್ ಕಟಕಟ ಅಂತ ನಾಕಿಂಗ್ ಮಾಡುತ್ತಿತ್ತು. ಇಜಿಆರ್ ಇದೆ ಅಂದುಕೊಂಡೇ ಕಂಪನಿಯವರು ಇಗ್ನಿಷನ್ ಟೈಮಿಂಗ್ ಮುಂದಕ್ಕೆ ಇಟ್ಟಿರುತ್ತಾರಂತೆ. ಅದಿಲ್ಲದಿದ್ದರೆ ಬೆಂಕಿ ಜಾಸ್ತಿ ಬಿಸಿಯಾಗಿ ನಾಕಿಂಗ್. ಗುಜರಿ ಅಂಗಡಿಗಳನ್ನು ಸುತ್ತಿ ಪೈಪು, ವಾಲ್ವು, ಕ್ಯಾನಿಸ್ಟರ್ ಹುಡುಕುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಎಲ್ಲಾ ಕೂಡಿಸಿದ ಮೇಲೆ ಪಾಸಾಯಿತು, ನಾಕಿಂಗೂ ನಿಂತಿತು.

ಇಲ್ಲಿ ಇಷ್ಟು ಬಿಗಿ ಯಾಕೆ ಅಂತ ನಾನೂ ಮೊದಲು ಬೇಸರಪಟ್ಟಿದ್ದೆ. ಆಮೇಲೆ ಲಾಸ್ ಏಂಜಲಿಸ್‌ನ ಹಳೇ ಕತೆ ಓದಿದೆ. 1950ರ ಸುಮಾರಿಗೆ ಅಲ್ಲಿ ಹಗಲಲ್ಲೇ ಕಣ್ಣು ಉರಿಯುವ ಮಬ್ಬು ಕವಿಯುತ್ತಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಕ್ಯಾಲ್‌ಟೆಕ್‌ನ ಆರೀ ಹಾಗೆನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ ಅದನ್ನು ಬಿಡಿಸಿದರು. ಅರೆಬೆಂದ ಪೆಟ್ರೋಲ್ ಆವಿಯೂ ನಾಕ್ಸೂ ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತದೆ ಅಂತ ತೋರಿಸಿದರು. ಬಿಸಿಲು ನಮ್ಮ ಬಳ್ಳಾರಿ, ರಾಯಚೂರಿನಲ್ಲಿ ಅಲ್ಲಿಗಿಂತ ಕಡಿಮೆ ಇದೆಯಾ?

ಕೋರ್ಟ್ ಸರ್ಕಲ್ · ಮಂಗಳವಾರ ಸಂಜೆ

ಕಾನೂನಿನ ವಿಷಯ ಯಾರೂ ಎತ್ತಿಲ್ಲ, ನಾನು ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬದಲಾಯಿತು. ಅದರ ಪ್ರಕಾರ ಹಾಗೆ ಮಾಡಿದ ಓನರಿಗೆ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಲಿನ್ಯದ ಮಾನದಂಡ ಮೀರಿ ಓಡಿಸಿದರೆ 190(2)ರ ಕೆಳಗೆ 10,000 ರೂ.ವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ, ಜೊತೆಗೆ ಲೈಸೆನ್ಸ್ ಕೂಡ ಮೂರು ತಿಂಗಳು ಹೋಗುತ್ತದೆ. ಕ್ಯಾಟ್‌ಕಾನ್ ಇದ್ದರೆ ಮಾಫಿ ಅಂತ ಎಲ್ಲೂ ಬರೆದಿಲ್ಲ.

ಹಾಸನದ ಡೀಸೆಲ್ · ಮಂಗಳವಾರ ರಾತ್ರಿ

ಇಷ್ಟು ಜನ ಇಷ್ಟು ಹೊತ್ತು ಕೊಟ್ಟು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಜರಡಿ ಮತ್ತು ಮೊರದ ಮಾತು ನನ್ನ ಹೆಂಡತಿಗೂ ಓದಿ ಹೇಳಿದೆ. ಪ್ಲೇಟ್ ಬೇಡ ಅಂತ ತೀರ್ಮಾನ ಮಾಡಿದ್ದೇನೆ.

ಹುಬ್ಬಳ್ಳಿ ಅಣ್ಣ, ನಿಮ್ಮ ಪ್ರಶ್ನೆಗೆ ಉತ್ತರ. ಮನೆಯಿಂದ ಅಂಗಡಿಗೆ 4 ಕಿ.ಮೀ., ದಿನಕ್ಕೆ ನಾಲ್ಕು ಸಲ. ಏರ್ ಫಿಲ್ಟರ್ ಬದಲಿಸಿ 10,000 ಕಿ.ಮೀ. ಆಗಿದೆ. ಹೋಸ್ ಕ್ಲಿಪ್ ಹತ್ತಿರ ಸ್ವಲ್ಪ ಎಣ್ಣೆ ಜಿನುಗಿದ ಗುರುತಿದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿದ್ದು ನಾನು ನೋಡಿಯೇ ಇಲ್ಲ. ಯಾವಾಗಲೂ ಕೆಳಗೇ ಇರುತ್ತದೆ. ಎಂಜಿನ್ ತಂಪಾಗಿದೆ, ಒಳ್ಳೆಯದು ಅಂದುಕೊಂಡಿದ್ದೆ.

ಹುಬ್ಬಳ್ಳಿ ಸ್ಪ್ಯಾನರ್ · ಬುಧವಾರ ಬೆಳಿಗ್ಗೆ

ಸಿಕ್ಕಿತು ನೋಡ್ರಿ. ಮುಳ್ಳು ಕೆಳಗೇ ಇರುವುದು ಒಳ್ಳೆಯದಲ್ಲ. ಅದು ಥರ್ಮೋಸ್ಟಾಟ್ ತೆರೆದುಕೊಂಡೇ ನಿಂತಿರುವ ಲಕ್ಷಣ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕೂಲೆಂಟ್ ರೇಡಿಯೇಟರಿಗೆ ಓಡುತ್ತದೆ, ಬಿಸಿ ಹಿಡಿಯುವುದೇ ಇಲ್ಲ. ಎಂಜಿನ್ ಅರೆಬೆಚ್ಚಗೆ ಓಡುತ್ತದೆ. ಅರೆಬೆಚ್ಚಗಿನ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಒದ್ದೆ ಮಸಿ ಬರುತ್ತದೆ. ಅದು ತಣ್ಣಗಿನ ಇಜಿಆರ್ ಮೇಲೆ ಅಂಟುತ್ತದೆ. ಅದರ ಮೇಲೆ ನಿಮ್ಮದು 4 ಕಿ.ಮೀ. ಓಟ. ಬಿಸಿಯಾಗುವ ಮೊದಲೇ ಅಂಗಡಿ ಬಂತು.

ಮೊದಲು ಸ್ಕ್ಯಾನರ್ ಹಾಕಿಸಿ ಲೈವ್ ಡಾಟಾದಲ್ಲಿ ಕೂಲೆಂಟ್ ಟೆಂಪರೇಚರ್ ನೋಡ್ರಿ. ಹೈವೇಯಲ್ಲಿ 20 ಕಿ.ಮೀ. ಓಡಿಸಿದ ಮೇಲೂ 80 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟ್ ಬದಲಿಸ್ರಿ. ಹೋಸ್ ಕ್ಲಿಪ್ ಹೊಸದು ಹಾಕಿಸ್ರಿ. ಅಲ್ಲಿ ಗಾಳಿ ಸೋರಿದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗದೆ ಕಪ್ಪು ಹೊಗೆ ಬರುತ್ತದೆ.

ಇಜಿಆರ್ ಬಿಸಾಕುವುದು ಬೇಡ, ತೊಳೆದರೆ ನಡೆಯಬಹುದು. ಬ್ಯಾಟರಿ ಟರ್ಮಿನಲ್ ತೆಗೆದು, ವಾಲ್ವ್ ಬಿಚ್ಚಿ, ಮಸಿ ಇರುವ ಭಾಗಕ್ಕೆ ಮಾತ್ರ ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯಬೇಕು. ಮೋಟಾರ್ ಮತ್ತು ಕನೆಕ್ಟರ್ ಇರುವ ಕಡೆ ಹೊಡೆಯಬಾರದು. ಹತ್ತು ನಿಮಿಷ ನೆನೆಯಲು ಬಿಟ್ಟು ನೈಲಾನ್ ಬ್ರಷ್‌ನಿಂದ ಉಜ್ಜಬೇಕು. ಗಟ್ಟಿ ಇದ್ದರೆ ಮರದ ಕಡ್ಡಿ. ಸ್ಕ್ರೂಡ್ರೈವರಿನಿಂದ ಕೆರೆದರೆ ವಾಲ್ವ್ ಕೂರುವ ಜಾಗ ಗೀರುತ್ತದೆ, ಮತ್ತೆ ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ಕೆಲವರು ಕಾಸ್ಟಿಕ್ ಸೋಡಾದಲ್ಲಿ ಅದ್ದುತ್ತಾರೆ. ಬೇಡವೇ ಬೇಡ, ಅಲ್ಯೂಮಿನಿಯಂ ತಿಂದು ಹಾಕುತ್ತದೆ. ಗ್ಯಾಸ್ಕೆಟ್ ಹೊಸದೇ ಹಾಕಬೇಕು. ಇನ್‌ಟೇಕ್ ಮೇಲಿನ ಮ್ಯಾಪ್ ಸೆನ್ಸರ್ (ಗಾಳಿಯ ಒತ್ತಡ ಅಳೆಯುವುದು) ತುದಿಯಲ್ಲೂ ಮಸಿ ಇರುತ್ತದೆ, ಅದನ್ನೂ ಮೆತ್ತಗೆ ಒರೆಸಬೇಕು. ಕೆಲವು ಗಾಡಿಗೆ ಕೂಡಿಸಿದ ಮೇಲೆ ಸ್ಕ್ಯಾನರಿನಿಂದ ವಾಲ್ವ್‌ಗೆ ಲರ್ನಿಂಗ್ ಮಾಡಿಸಬೇಕಾಗುತ್ತದೆ.

ಆಮೇಲೆ ವಾರಕ್ಕೊಮ್ಮೆ ಗಾಡಿಯನ್ನು ಹೈವೇಗೆ ಕರ್ಕೊಂಡು ಹೋಗ್ರಿ. ಅರ್ಧ ಗಂಟೆ ಚೆನ್ನಾಗಿ ಬಿಸಿಯಾಗಿ ಓಡಲಿ.

ತುಮಕೂರು ಸ್ಕೂಲ್ ವ್ಯಾನ್ · ಬುಧವಾರ ಮಧ್ಯಾಹ್ನ

ಸರ್, ನನ್ನದು ಬಿಎಸ್6 ಡೀಸೆಲ್ ವ್ಯಾನ್. ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಲೈಟ್ ಆಗಾಗ ಬರುತ್ತದೆ. ಒಬ್ಬರು ಡಿಪಿಎಫ್ ಒಳಗಿನದು ತೆಗೆದು ಖಾಲಿ ಮಾಡಿಕೊಡುತ್ತೇನೆ, ಮುಂದಿನ ಕ್ಯಾಟ್ ಹಾಗೇ ಇರುತ್ತದೆ ಅಂದಿದ್ದಾರೆ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಗಾಡಿ. ಏನು ಮಾಡಲಿ?

ಟೆಸ್ಟ್ ಬೆಡ್ · ಬುಧವಾರ ರಾತ್ರಿ

ದಯವಿಟ್ಟು ಮಾಡಿಸಬೇಡಿ. ಕ್ಯಾಟ್ ಗ್ಯಾಸನ್ನು ಸುಡುತ್ತದೆ, ಮಸಿಯ ಕಣ ಹಿಡಿಯುವುದು ಡಿಪಿಎಫ್. ಬಿಎಸ್4ರಲ್ಲಿ ಕಣದ ಮಿತಿ ಕಿಲೋಮೀಟರಿಗೆ 0.025 ಗ್ರಾಂ ಇತ್ತು, ಬಿಎಸ್6 ಕಾರಿಗೆ ಅದನ್ನು 0.0045ಕ್ಕೆ ಇಳಿಸಿದ್ದಾರೆ. ಅದು ಸಾಧ್ಯವಾಗಿದ್ದೇ ಡಿಪಿಎಫ್‌ನಿಂದ. ಖಾಲಿ ಮಾಡಿದರೆ ಆ ಮಸಿ ಮಕ್ಕಳು ಇಳಿದು ಶಾಲೆ ಗೇಟಿನಲ್ಲಿ ನಿಲ್ಲುವ ಜಾಗಕ್ಕೇ ಬರುತ್ತದೆ.

ಲೈಟ್ ಬರುವುದಕ್ಕೆ ಕಾರಣ ಸಾಮಾನ್ಯವಾಗಿ ನಿಂತು ನಿಂತು ಓಡುವ ಟ್ರಿಪ್. ಮಸಿ ಸುಟ್ಟು ಹೋಗುವುದಕ್ಕೆ ಬಿಸಿ ಸಾಲುವುದಿಲ್ಲ. ಲೈಟ್ ಬಂದ ದಿನ ಮಕ್ಕಳನ್ನು ಇಳಿಸಿದ ಮೇಲೆ ಹೈವೇಯಲ್ಲಿ 60ರ ಮೇಲೆ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ, ನಡುವೆ ಆಫ್ ಮಾಡಬೇಡಿ. ನಿಮ್ಮ ವ್ಯಾನಿನ ಪುಸ್ತಕದಲ್ಲಿ ಸರಿಯಾದ ಕ್ರಮ ಇರುತ್ತದೆ, ಒಮ್ಮೆ ನೋಡಿ. ಎಂಜಿನ್ ಆಯಿಲ್ ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಿಸಿ. ಬೇರೆ ಆಯಿಲ್ ಹಾಕಿದರೆ ಬೂದಿ ಜಾಸ್ತಿಯಾಗಿ ಡಿಪಿಎಫ್ ಬೇಗ ತುಂಬುತ್ತದೆ.

ಕೋರ್ಟ್ ಸರ್ಕಲ್ · ಗುರುವಾರ

ಕ್ಯಾಟ್ ಹಾಗೇ ಇದೆ ಅಂತ ಗ್ಯಾರೇಜಿನವರು ಹೇಳಿದರೂ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ. ಅದರೊಳಗಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗೆ ಬೆಲೆ ಜಾಸ್ತಿ. ಗುಜರಾತ್, ಮಹಾರಾಷ್ಟ್ರದಲ್ಲಿ ಈಕೋ ವ್ಯಾನುಗಳ ಸೈಲೆನ್ಸರ್ ಕದ್ದ ಕೇಸುಗಳು ಇದಕ್ಕೇ ಆಗಿದ್ದು. ಹೊರಗಿನ ಡಬ್ಬ ಹಾಗೇ ಬಿಟ್ಟು ಒಳಗಿನ ಜೇನುಗೂಡು ತೆಗೆದುಬಿಡುವವರೂ ಇದ್ದಾರೆ. ಸೈಲೆನ್ಸರ್ ಕೆಲಸ ಮಾಡಿಸುವಾಗ ಎದುರಿಗೇ ನಿಂತಿರಿ.

ಹಾಸನದ ಡೀಸೆಲ್ · ಹತ್ತು ದಿನದ ನಂತರ

ಕೆಲಸ ಮುಗಿಯಿತು, ವಿವರ ಹೇಳುತ್ತೇನೆ.

ಬೇಲೂರು ರಸ್ತೆಯಲ್ಲಿ 20 ಕಿ.ಮೀ. ಓಡಿಸಿ ಲೈವ್ ಡಾಟಾ ನೋಡಿದೆವು. ಕೂಲೆಂಟ್ 66 ಡಿಗ್ರಿ. ಹುಬ್ಬಳ್ಳಿ ಅಣ್ಣ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಥರ್ಮೋಸ್ಟಾಟ್ ಬಿಚ್ಚಿದಾಗ ತೆರೆದುಕೊಂಡೇ ಅಂಟಿತ್ತು. ಇಜಿಆರ್ ಬಾಯಿಯಲ್ಲಿ ನನ್ನ ಕಿರುಬೆರಳು ಹೋಗುವಷ್ಟೂ ಜಾಗ ಇರಲಿಲ್ಲ. ಗ್ಯಾರೇಜಿನವರ ಪಕ್ಕದಲ್ಲೇ ಕೂತು ಇಬ್ಬರೂ ಸೇರಿ ತೊಳೆದೆವು. ಎರಡೂವರೆ ಗಂಟೆ ಹಿಡಿಯಿತು. ಇದೇ ಗ್ಯಾರೇಜಿನವರು ಮೊದಲು ಪ್ಲೇಟ್ ಹಾಕೋಣ ಅಂದವರು. ನಾಕ್ಸ್ ವಿಷಯ ಹೇಳಿದಾಗ ಕೂತು ಪೂರ್ತಿ ಕೇಳಿದರು. ಕ್ಯಾಟ್‌ಕಾನ್ ಎಲ್ಲಾ ನೋಡಿಕೊಳ್ಳುತ್ತದೆ ಅಂತ ಅವರೂ ನಂಬಿದ್ದರು.

ಥರ್ಮೋಸ್ಟಾಟ್, ಕೂಲೆಂಟ್, ಗ್ಯಾಸ್ಕೆಟ್, ಎರಡು ಹೋಸ್ ಕ್ಲಿಪ್, ಏರ್ ಫಿಲ್ಟರ್, ಕೂಲಿ ಸೇರಿ 4,300 ರೂಪಾಯಿ. ಈಗ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತದೆ. ಹಂಪ್ ದಾಟಿದರೆ ಮುಗ್ಗರಿಸುವುದಿಲ್ಲ. ಎಮಿಷನ್ ಟೆಸ್ಟಿನಲ್ಲಿ ಹೋದ ವರ್ಷ 1.31 ಇದ್ದದ್ದು ಈ ಸಲ 0.58. ಕೋಡ್ ಮತ್ತೆ ಬಂದಿಲ್ಲ. ಇನ್ನು ಪ್ರತಿ ಭಾನುವಾರ ಸಕಲೇಶಪುರಕ್ಕೆ ಅಕ್ಕನ ಮನೆಗೆ ಬಸ್ಸಿನ ಬದಲು ಕಾರಿನಲ್ಲೇ ಹೋಗುತ್ತೇನೆ.

ತೋಟದ ಮನೆ · ಅದೇ ದಿನ ರಾತ್ರಿ

ಹುಬ್ಬಳ್ಳಿಯವರೇ, ಒಂದು ಕೇಳಲಾ? ನನ್ನ ಗಾಡಿಯಲ್ಲಿ ಪ್ಲೇಟ್ ಹಾಕಿ ನಾಲ್ಕು ವರ್ಷ ಆಗಿದೆ. ಈಗ ತೆಗೆದರೆ ವಾಲ್ವ್ ಮತ್ತೆ ಕೆಲಸ ಮಾಡುತ್ತದಾ, ಇಲ್ಲ ಹಿಡಿದುಕೊಂಡಿರುತ್ತದಾ?

ಹುಬ್ಬಳ್ಳಿ ಸ್ಪ್ಯಾನರ್ · ಅದೇ ದಿನ ರಾತ್ರಿ

ಹಿಡಿದುಕೊಂಡಿರಬಹುದು. ಆದರೆ ತೊಳೆದರೆ ಬಿಡುವ ಸಾಧ್ಯತೆಯೇ ಜಾಸ್ತಿ. ಒಂದು ರಾತ್ರಿ ಕ್ಲೀನರ್ ಹಾಕಿ ಬಿಡ್ರಿ, ಬೆಳಿಗ್ಗೆ ಸ್ಕ್ಯಾನರಿನಿಂದ ತೆರೆದು ಮುಚ್ಚಿ ನೋಡ್ರಿ. ಇಜಿಆರ್ ಕೂಲರಿನಲ್ಲಿ ಕೂಲೆಂಟ್ ಸೋರಿದ ಗುರುತು ಇದೆಯಾ ಅದನ್ನೂ ನೋಡ್ರಿ. ಪ್ಲೇಟ್ ತೆಗೆದ ಮೇಲೆ ಹಳೇ ಗ್ಯಾಸ್ಕೆಟ್ ವಾಪಸ್ ಹಾಕಬೇಡ್ರಿ. ಫೋಟೋ ತೆಗೆದು ಇಲ್ಲಿ ಹಾಕ್ರಿ, ನೋಡಿ ಹೇಳುತ್ತೇನೆ.